ಮರ ಕಡಿದು ಮುಗಿದ ಊರು ಸ್ಕೀಯಿಂಗ್ ನಂಬಿಕೊಂಡು ಬದುಕಬಹುದೇ?

ನೀವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಊರನ್ನು ಹೆಸರಿಸಿ, ‘ಸಾಮಿಲ್ಲುಗಳು ಮುಚ್ಚಿದ ಮೇಲೆ ಸ್ಕೀ ರೆಸಾರ್ಟ್ ಕಟ್ಟಿ ಉದ್ಧಾರವಾದರಂತೆ, ಬೇರೆಯವರೂ ಹಾಗೇ ಮಾಡಬಹುದಲ್ಲ?’ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಹೇವರ್ಡನ್ನು ಕಾಪಾಡಿದ್ದು ರೆಸಾರ್ಟ್ ಅಲ್ಲ. ಅದು ದಿವಾಳಿ ಎದ್ದಿತು. ಉಳಿದುಕೊಂಡಿದ್ದು ಸ್ಕೀ ಓಟ ನಡೆಯುವ, 50 ಕಿ.ಮೀ. ಆಸುಪಾಸಿನ ಒಂದು ಕಾಡುದಾರಿ.

ಟೋನಿ ವೈಸ್ ಎಂಬುವರು 1947ರಲ್ಲಿ ಪಕ್ಕದ ಕೇಬಲ್ ಊರಿನ ಬಳಿ, ನೂರು ಮೀಟರ್ ಚಿಲ್ಲರೆ ಎತ್ತರದ ಗುಡ್ಡದಲ್ಲಿ ಟೆಲಿಮಾರ್ಕ್ ಸ್ಕೀ ತಾಣ ಶುರುಮಾಡಿದರು. 1972ರಲ್ಲಿ ದೊಡ್ಡ ಲಾಡ್ಜ್ ಎದ್ದಿತು. ಮರುವರ್ಷ ಅವರು ನಾರ್ವೆಯ ಬಿರ್ಕೆಬೈನರ್ ಓಟದ ಮಾದರಿಯಲ್ಲಿ ಕೇಬಲ್–ಹೇವರ್ಡ್ ನಡುವೆ ಕ್ರಾಸ್-ಕಂಟ್ರಿ, ಅಂದರೆ ಗುಡ್ಡ ಜಾರುವ ಬದಲು ಕಾಡುದಾರಿಯಲ್ಲಿ ದೂರ ಸಾಗುವ ಸ್ಕೀ ಸ್ಪರ್ಧೆ ಇಟ್ಟಾಗ ಆ ದಾರಿಯಲ್ಲಿ ಹೊರಟವರು 35 ಮಂದಿ. ಈಗ ಆ ವಾರದ ಎಲ್ಲ ಸ್ಪರ್ಧೆ ಸೇರಿ 10 ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ, ಅದೂ ಎರಡೂವರೆ ಸಾವಿರ ಜನರಿರುವ ಊರಿಗೆ. ಲಾಡ್ಜನ್ನು 2021ರಲ್ಲಿ ಕೆಡವಿದರು.

ಲಾಡ್ಜ್ ಹೋದರೂ ಓಟ ಉಳಿಯಲು ಮುಖ್ಯ ಕಾರಣ ನೆಲದ ಒಡೆತನ. ವೈಟ್ ಪೈನ್ ಮರಗಳನ್ನು ಕಡಿದು ಬೋಳಿಸಿದ ಮೇಲೆ ಬರೀ ಬೊಡ್ಡೆಗಳಿದ್ದ ಆ ಜಮೀನನ್ನು ರೈತರಿಗೆ ಮಾರಿದ್ದರು. ಮರಳುಮಣ್ಣು, ಬೇಸಿಗೆ ಚಿಕ್ಕದು, ಬೆಳೆ ಕೈಗೆ ಹತ್ತಲಿಲ್ಲ. ತೆರಿಗೆ ಕಟ್ಟಲಾಗದೆ ಬಿಟ್ಟುಹೋದ ಜಮೀನು ಕೌಂಟಿ, ಅಂದರೆ ಜಿಲ್ಲಾಡಳಿತದ ಪಾಲಾಯಿತು. 1927ರ ನಂತರದ ಕಾನೂನುಗಳಿಂದ ಅದೇ ಕೌಂಟಿ ಅರಣ್ಯವಾಯಿತು. ವಿಸ್ಕಾನ್ಸಿನ್‌ನಲ್ಲಿ ಇಂಥದ್ದು ಈಗ ಸುಮಾರು 24 ಲಕ್ಷ ಎಕರೆ ಇದೆ. ಓಟದ ದಾರಿಯ ಬಹುಪಾಲು ಹೋಗುವುದು ಇದರೊಳಗೇ. ಹಾಗಾಗಿ ನಿಮ್ಮ ಊರಿನ ಲೆಕ್ಕ ಹಾಕುವಾಗ ಗುಡ್ಡದ ಎತ್ತರ ಆಮೇಲೆ ನೋಡಿ. ದಾರಿಯ ನೆಲ ಯಾರ ಹೆಸರಲ್ಲಿದೆ, ಒಬ್ಬ ಮಾಲೀಕ ತಕರಾರು ತೆಗೆದರೆ ಎಲ್ಲಿ ತುಂಡಾಗುತ್ತದೆ ಎಂಬುದು ಮೊದಲು.

ಇನ್ನೊಂದು ಮಾತು. ಮರ ಕಡಿಯುವವರ ದುಡಿಮೆಯ ಕಾಲವೇ ಚಳಿಗಾಲ. ರಾತ್ರಿ ನೀರಿನ ಟ್ಯಾಂಕ್ ಎಳೆದುಕೊಂಡು ಹೋಗಿ ದಾರಿಗೆ ನೀರು ಬಿಟ್ಟು, ಜಾಡು ಕೊರೆದು ಹೆಪ್ಪುಗಟ್ಟಿಸುತ್ತಿದ್ದರು. ಬೆಳಗ್ಗೆ ಕುದುರೆಗಳು ದಿಮ್ಮಿ ಹೇರಿದ ಜಾರುಬಂಡಿಯನ್ನು ಆ ಜಾಡಿನಲ್ಲಿ ಎಳೆಯುತ್ತಿದ್ದವು. ಇಂದಿನ ಗ್ರೂಮಿಂಗ್, ಅಂದರೆ ಯಂತ್ರದಿಂದ ಸ್ಕೀ ದಾರಿ ಹದಮಾಡುವ ಕೆಲಸ, ಇದರ ತಮ್ಮ. ಹಿಮ ಬಿದ್ದಮೇಲೆ ಮೊದಲು ರೋಲರ್‌ನಿಂದ ಅದುಮಿ, ಟಿಲ್ಲರ್‌ನಿಂದ ಪುಡಿಮಾಡಿ, ಎರಡೂ ಸ್ಕೀ ನೇರವಾಗಿ ಸಮಾನಾಂತರ ಸಾಗುವ ಕ್ಲಾಸಿಕ್ ಶೈಲಿಗೆ 2ರಿಂದ 5 ಸೆಂ.ಮೀ. ಆಳದ ಜೋಡಿ ಜಾಡು ಒತ್ತುತ್ತಾರೆ. ಸಂಜೆ ಬಿಸಿಲು ಇಳಿದ ಮೇಲೆ ಮಾಡಿದರೆ ರಾತ್ರಿಯಲ್ಲಿ ಹರಳುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಬೆಳಗ್ಗೆ ಓಟಕ್ಕೆ ಮುಂಚೆ ಅವಸರದಲ್ಲಿ ಮಾಡಿದ ದಾರಿ ಮೊದಲ ನೂರು ಜನರಿಗೇ ಸಕ್ಕರೆಯಂತೆ ಉದುರುತ್ತದೆ.

ಕೈಕೊಡುವುದು ಹಿಮ. 2017ರಲ್ಲಿ ಓಟ ರದ್ದಾಯಿತು. 2024ರಲ್ಲಿ ಟೆಲಿಮಾರ್ಕ್ ಗುಡ್ಡದ ಬಳಿ ಕೃತಕ ಹಿಮದ 10 ಕಿ.ಮೀ. ಸುತ್ತಿನಲ್ಲಿ ನಡೆಸಬೇಕಾಯಿತು. ಕೃತಕ ಹಿಮದ ಲೆಕ್ಕ ಹೀಗೆ: 1 ಕಿ.ಮೀ. ಉದ್ದ, 6 ಮೀಟರ್ ಅಗಲ, ಅರ್ಧ ಮೀಟರ್ ದಪ್ಪಕ್ಕೆ 3,000 ಘನ ಮೀಟರ್ ಹಿಮ, ಅಂದರೆ ಸುಮಾರು 14 ಲಕ್ಷ ಲೀಟರ್ ನೀರು. ಬರೀ ಥರ್ಮಾಮೀಟರ್ ನೋಡಿ ಸ್ನೋ ಗನ್ (ನೀರು ಸಿಂಪಡಿಸಿ ಹಿಮ ಮಾಡುವ ಯಂತ್ರ) ಹಚ್ಚುವುದು ಹೊಸಬರ ತಪ್ಪು. ನೋಡಬೇಕಾದ್ದು ವೆಟ್ ಬಲ್ಬ್ ತಾಪಮಾನ, ಅಂದರೆ ಗಾಳಿಯ ತೇವಾಂಶವನ್ನೂ ಲೆಕ್ಕಕ್ಕೆ ಹಿಡಿದ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ. ಗಾಳಿ 0 ಡಿಗ್ರಿ, ತೇವಾಂಶ ಶೇ. 40 ಇದ್ದರೆ ವೆಟ್ ಬಲ್ಬ್ ಮೈನಸ್ 3.5ರ ಹತ್ತಿರ, ಕಷ್ಟಪಟ್ಟಾದರೂ ಹಿಮ ಬರುತ್ತದೆ. ತೇವಾಂಶ ಶೇ. 90 ಆದರೆ ಅದೇ 0 ಡಿಗ್ರಿಯಲ್ಲಿ ಬರುವುದು ಬರೀ ನೀರು. ಮೈನಸ್ 10ಕ್ಕೆ ಇಳಿದರೆ ಅದೇ ಗನ್ ಹಲವು ಪಟ್ಟು ಹೆಚ್ಚು ಕೊಡುತ್ತದೆ. ಹಾಗಾಗಿ ಮಿತಿ ಹಾಕುವುದು ಗನ್‌ಗಳ ಸಂಖ್ಯೆಗಿಂತ, ಆ ಕೆಲವೇ ಚಳಿರಾತ್ರಿಗಳಲ್ಲಿ ಪಂಪ್ ಎಷ್ಟು ನೀರು ಎತ್ತುತ್ತದೆ ಎಂಬುದು. ಬಿದ್ದ ಗುಡ್ಡೆಯನ್ನು ಒಂದೆರಡು ದಿನ ನೀರು ಬಸಿಯಲು ಬಿಡಿ. ಹಸಿಯಾಗಿಯೇ ಹರಡಿದರೆ ಮಂಜುಗಡ್ಡೆಯ ಹಲಗೆಯಾಗುತ್ತದೆ.

ಮಿಲ್ ಇರುವ ಊರಿಗೆ ಒಂದು ಅನುಕೂಲವಿದೆ: ಗರಗಸದ ಹೊಟ್ಟು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹಿಮದ ರಾಶಿಯ ಮೇಲೆ ಸುಮಾರು 40 ಸೆಂ.ಮೀ. ಹೊಟ್ಟು ಹೊದಿಸಿ ಬೇಸಿಗೆ ದಾಟಿಸುತ್ತಾರೆ. ಮುಕ್ಕಾಲು ಪಾಲಿನಷ್ಟು ಉಳಿಯುತ್ತದೆ. ಹೊಟ್ಟು ಬಿಸಿಲನ್ನು ತಡೆಯುವುದಲ್ಲದೆ, ಕೆಳಗಿನಿಂದ ಹೀರಿದ ನೀರನ್ನು ಆವಿಯಾಗಿಸಿ ತಂಪನ್ನೂ ಕೊಡುತ್ತದೆ. ರಾಶಿ ದೊಡ್ಡದಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಚಿಕ್ಕ ರಾಶಿಯಲ್ಲಿ ಮೈ ಹೆಚ್ಚು, ಒಡಲು ಕಮ್ಮಿ, ಆಗಸ್ಟ್ ಹೊತ್ತಿಗೆ ಹೊಟ್ಟಷ್ಟೇ ಉಳಿಯುತ್ತದೆ. ತೆಗೆಯುವಾಗ ಹೊಟ್ಟು ಬೆರೆತರೆ ಸ್ಕೀ ತಳಕ್ಕೆ ಅಂಟಿ ಜಾರುವುದೇ ಇಲ್ಲ.

ದುಡ್ಡಿನ ವಿಷಯ ಚುಟುಕಾಗಿ: ಫೆಬ್ರವರಿಯ ಒಂದು ವಾರಾಂತ್ಯ ಊರಿಗೆ ವರ್ಷದ ಊಟ ಹಾಕುವುದಿಲ್ಲ. ಹೇವರ್ಡಿನಲ್ಲಿ ಬೇಸಿಗೆಗೆ ಮೀನುಗಾರಿಕೆಯಿದೆ, 1960ರಿಂದ ಮರ ಕಡಿಯುವವರ ವಿಶ್ವ ಸ್ಪರ್ಧೆಯಿದೆ, ಮತ್ತು ಆ ಕೌಂಟಿ ಕಾಡಿನಿಂದ ಇಂದಿಗೂ ಮರ ಮಾರಾಟವಾಗುತ್ತದೆ. ಹಾಗೆ ನೋಡಿದರೆ ‘ಮರ ಮುಗಿದ ಊರು’ ಎಂಬ ಮಾತೂ ಪೂರ್ತಿ ಸರಿಯಲ್ಲ.

ಓಟದ ಕೊನೆಯ ತುಂಡು ಹೆಪ್ಪುಗಟ್ಟಿದ ಹೇವರ್ಡ್ ಕೆರೆಯ ಮೇಲೆ ಹಾದು, ಹಿಮ ತಂದು ಸುರಿದ ಮುಖ್ಯ ಬೀದಿಗೆ ಏರುತ್ತದೆ. ಆ ಕೆರೆ ಸಾಮಿಲ್‌ಗಾಗಿ ನದಿಗೆ ಕಟ್ಟೆ ಹಾಕಿ ಮಾಡಿದ್ದು, ದಿಮ್ಮಿ ತೇಲಿಸುತ್ತಿದ್ದ ಜಾಗ. ನಡೆಯುವವರಿಗೆ 10 ಸೆಂ.ಮೀ. ಗಟ್ಟಿ ಮಂಜುಗಡ್ಡೆ ಸಾಕು, ಟನ್‌ಗಟ್ಟಲೆ ತೂಗುವ ಗ್ರೂಮಿಂಗ್ ಯಂತ್ರಕ್ಕೆ ಸಾಲದು. ನೀವೂ ಕೆರೆಯ ಮೇಲೆ ದಾರಿ ಹಾಕುವುದಾದರೆ, ಯಂತ್ರದ ತೂಕಕ್ಕೆ ದಪ್ಪ ಲೆಕ್ಕ ಹಾಕಿ, ದಡದ ಮೇಲೆ ಬದಲಿ ದಾರಿಯೊಂದನ್ನು ಶರತ್ಕಾಲದಲ್ಲೇ ಸವರಿ ಇಟ್ಟುಕೊಳ್ಳಿ.