ಓದುಗರ ಪ್ರಶ್ನೆ: ಪತ್ರ ಚದುರಂಗ

ಪ್ರಶ್ನೆ: ಅಂಚೆ ಅಥವಾ ಅಂತರ್ಜಾಲದ ಮೂಲಕ ನಡೆ ಕಳುಹಿಸಿ ಆಡುವ ಪತ್ರ ಚದುರಂಗದಲ್ಲಿ 1600 ರೇಟಿಂಗಿನವರು 1800ರವರನ್ನು ಸೋಲಿಸಿದ್ದಾರೆ. ಕಂಪ್ಯೂಟರ್ ನೆರವು ಪಡೆದಿರಬಹುದೇ? ರೇಟಿಂಗ್ ಎಷ್ಟು ಏರುತ್ತದೆ?

ಉತ್ತರ: 200ರ ಅಂತರಕ್ಕೇ ಅನುಮಾನಪಡಬೇಕಿಲ್ಲ. ರೇಟಿಂಗ್ ಲೆಕ್ಕ ಹಾಕುವ ಎಲೋ ಸೂತ್ರದಂತೆ ಕಡಿಮೆ ರೇಟಿಂಗಿನವರ ನಿರೀಕ್ಷಿತ ಗಳಿಕೆ ಆಟಕ್ಕೆ 0.24 (ಗೆಲುವಿಗೆ 1). ಇದರಲ್ಲಿ ಡ್ರಾದ ಅರ್ಧ ಅಂಕವೂ ಸೇರಿದೆ, ಹಾಗಾಗಿ ನೂರಕ್ಕೆ 24 ಗೆಲುವು ಎಂದು ಓದಬೇಡಿ. ಒಂದು ಆಟಕ್ಕೆ ರೇಟಿಂಗ್ ಎಷ್ಟು ಬದಲಾಗಬೇಕೆಂದು ನಿರ್ಧರಿಸುವ ಕೆ ಗುಣಾಂಕ 20 ಆಗಿದ್ದರೆ ಗೆದ್ದವರಿಗೆ 20 × (1 − 0.24) = 20 × 0.76, ಅಂದರೆ 15.2 ಅಂಕ ಸೇರುತ್ತದೆ.

ಎಂಜಿನ್ (ನಡೆ ಸೂಚಿಸುವ ಚದುರಂಗ ತಂತ್ರಾಂಶ) ಬಳಸಿದ್ದೇ ತಪ್ಪು ಎನ್ನುವಂತಿಲ್ಲ, ಎಲ್ಲಿ ಆಡಿದರು ಎಂಬುದು ಮುಖ್ಯ. 1951ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪತ್ರ ಚದುರಂಗ ಒಕ್ಕೂಟ ಐಸಿಸಿಎಫ್‌ನಲ್ಲಿ ಅದಕ್ಕೆ ಅನುಮತಿಯಿದೆ. ಮೇಲಿನ ಹಂತದಲ್ಲಿ ಬಹುಪಾಲು ಆಟಗಳು ಡ್ರಾ ಆಗುವುದು ಅದರಿಂದಲೇ. ಚದುರಂಗದ ಜಾಲತಾಣ ಲಿಚೆಸ್‌ನಲ್ಲಿ ಎಂಜಿನ್ ನಿಷಿದ್ಧ, ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕ ನೋಡಬಹುದು.

ಇನ್ನು ಬಲಿಷ್ಠರು ಸೋಲುವುದು ಏಕೆ? ಒಟ್ಟಿಗೆ ಹತ್ತಾರು ಆಟ ಹಿಡಿದು, ದುರ್ಬಲ ಎದುರಾಳಿಯ ಆಟಕ್ಕೆ ಎರಡು ನಿಮಿಷವನ್ನೂ ಕೊಡುವುದಿಲ್ಲ. ಅತ್ತ ಎದುರಾಳಿ ಅದೇ ನಡೆಯ ಮೇಲೆ ಮೂರು ಸಂಜೆ ಕೂತಿರುತ್ತಾರೆ. ಡ್ರಾ ಆದರೂ ಅಂಕ ಹೋಗುತ್ತದೆಂದು ಸಮಸ್ಥಿತಿಯನ್ನು ಬಲವಂತವಾಗಿ ಕೆಡಿಸಿಕೊಳ್ಳುವವರೂ ಉಂಟು.

ಪ್ರಶ್ನೆ: ಷರತ್ತಿನ ನಡೆಗಳನ್ನು (‘ನೀವು ಹೀಗೆ ಆಡಿದರೆ ನನ್ನದು ಹೀಗೆ’) ಮುಂದಾಗಿ ಕಳುಹಿಸುವುದು ಕ್ಷೇಮವೇ?

ಉತ್ತರ: ಎದುರಾಳಿಯ ನಡೆಯನ್ನು ಹೆಸರಿಸಿದ್ದರೆ ಕ್ಷೇಮ. ‘ನೀವೇನೇ ಆಡಿ, ನನ್ನದು ಇದು’ ಎಂದು ಬರೆದರೆ ಕೆಟ್ಟಿರಿ. ಅಂಚೆಯ ಅಂಕಿ ಪದ್ಧತಿಯಲ್ಲಿ (ಎಯಿಂದ ಎಚ್‌ವರೆಗಿನ ಅಕ್ಷರಗಳಿಗೆ 1ರಿಂದ 8; ಮೊದಲ ಎರಡು ಅಂಕಿ ಹೊರಟ ಮನೆ, ಮುಂದಿನೆರಡು ಸೇರಿದ ಮನೆ) ಬಿಳಿ 5254 (ಇ2ರಿಂದ ಇ4) ಆಡಿತು ಎನ್ನಿ. ಕಪ್ಪಿನವರು 2726 (ಬಿ7ರಿಂದ ಬಿ6) ಬರೆದು, ಮುಂದೆ ಏನೇ ಬಂದರೂ 3827, ಅಂದರೆ ಬಿಷಪ್ ಬಿ7ಕ್ಕೆ ಎಂದು ಸೇರಿಸುತ್ತಾರೆ. ಬಿಳಿಯವರು 6116 ಆಡಿ ತಮ್ಮ ಬಿಷಪ್ಪನ್ನು ಎ6ರಲ್ಲಿ ಇಡುತ್ತಾರೆ. ಕಪ್ಪಿನವರು ಅದನ್ನು ಹೊಡೆಯಬಹುದಿತ್ತು, ಆದರೆ ಬರೆದುಕೊಟ್ಟ ಮಾತಿಗೆ ಬದ್ಧರು. ಬಿಳಿಯ 1627ಕ್ಕೆ ಬಿ7ರ ಬಿಷಪ್ ಹೋಯಿತು, ಮೂಲೆಯಲ್ಲಿ ಸಿಕ್ಕಿಬಿದ್ದ ಎ8ರ ರೂಕ್‌ಗೂ ದಾರಿಯಿಲ್ಲ. ಇಂಥ ಕಡೆ ರೇಟಿಂಗ್ ಕಾಪಾಡುವುದಿಲ್ಲ.

ಪ್ರಶ್ನೆ: ಕಾಯಿ ಸರಿಸಿ ನೋಡಿ ಯೋಚಿಸಬಹುದೇ?

ಉತ್ತರ: ಧಾರಾಳವಾಗಿ. ಆದರೆ ಸರಿಸಿದ ಕಾಯಿಯನ್ನು ಹಿಂದಿಡಲು ಮರೆತು, ಇಲ್ಲದ ಸ್ಥಿತಿಗೆ ಉತ್ತರ ಬರೆಯುವ ಅಪಾಯವಿದೆ. ಕಳುಹಿಸುವ ಮುನ್ನ ನಡೆಪಟ್ಟಿ ನೋಡಿ ಮೊದಲಿನಿಂದ ಕಾಯಿ ಜೋಡಿಸಿ. ನಿಯಮಬದ್ಧವಾದ ನಡೆ ಒಮ್ಮೆ ಹೋದರೆ, ಕೈತಪ್ಪಿ ಬರೆದದ್ದಾದರೂ, ಹಿಂದಕ್ಕೆ ಬರುವುದಿಲ್ಲ.