ಕೀಮೋ ನಡುವೆ ಅಮ್ಮನನ್ನು ನಡೆಸಬಹುದಾ?
ಸ್ತನ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವ ಅಮ್ಮ ದಿನವಿಡೀ ಮಲಗಿದರೂ ಸುಸ್ತು ಹೋಗುತ್ತಿಲ್ಲ ಅಂದಿರಲ್ಲ, ಬಹುಶಃ ಮಲಗಿರುವುದೇ ಸುಸ್ತನ್ನು ಜಾಸ್ತಿ ಮಾಡುತ್ತಿದೆ. ಹಿಮೋಗ್ಲೋಬಿನ್ ಇಳಿದರೂ ಹೀಗೇ ಆಗುತ್ತದೆ. ಹಾಗಾಗಿ ಮೊದಲು ರಕ್ತಪರೀಕ್ಷೆ ತೋರಿಸಿ, ಡಾಕ್ಟರ್ ಒಪ್ಪಿಗೆ ಕೇಳಿ.

ಆಮೇಲೆ ಮನೆಯೊಳಗೇ 5 ನಿಮಿಷ ನಡೆಸಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಮೈ ಒಗ್ಗಿದಂತೆ ಹೆಚ್ಚಿಸಿ. 2019ರ ಅಂತರರಾಷ್ಟ್ರೀಯ ತಜ್ಞರ ಸಲಹೆ ವಾರಕ್ಕೆ 3 ದಿನ, 30 ನಿಮಿಷ. ಸುಸ್ತು, ಆತಂಕ ಎರಡನ್ನೂ ಕಡಿಮೆ ಮಾಡಲು ಅಷ್ಟು ಸಾಕು. ಕೀಮೋ ಮರುದಿನ ಆಗದಿದ್ದರೆ ಒತ್ತಾಯ ಬೇಡ.

ಆಪರೇಷನ್ ಆದ ಕಡೆಯ ಕೈ ಎತ್ತಲೇಬಾರದು ಅನ್ನುವ ನೆಂಟರ ಮಾತು ಸುಮ್ನೆ ಬಿಡಿ. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ಫಿಸಿಯೋ ಹತ್ತಿರ ಕಲಿಯಲಿ. ಜ್ವರ, ತಲೆಸುತ್ತು, ಎದೆನೋವು, ಹೊಸ ಮೂಳೆನೋವು, ಕೈ ಊತ ಕಂಡರೆ ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿ.