ರಂಗದ ಮೇಲೆ ಫೋನು ರಿಂಗಾಗಬೇಕೆಂದರೆ

ಪ್ರಶ್ನೆ: ನಾಟಕಕ್ಕೆ ಗುಜರಿಯಿಂದ ಹಳೆಯ ಡಯಲ್ ಫೋನು ತಂದಿದ್ದೇವೆ. ಬ್ಯಾಟರಿ ಕೊಟ್ಟರೆ ಒಮ್ಮೆ ‘ಟಣ್’ ಎಂದು ಸುಮ್ಮನಾಗುತ್ತದೆ. ಸ್ಪೀಕರಿನಲ್ಲಿ ಸದ್ದು ಹಾಕಿದರೆ ರಿಸೀವರ್ ಎತ್ತಿದ ಮೇಲೂ ಬಾರಿಸುತ್ತಲೇ ಇರುತ್ತದೆ. ಏನು ಮಾಡಬೇಕು?
– ಹವ್ಯಾಸಿ ತಂಡದವರು, ದಾವಣಗೆರೆ

ಉತ್ತರ: ಆ ಗಂಟೆಗೆ ಬೇಕಾದದ್ದು ಎಕ್ಸ್‌ಚೇಂಜಿನಿಂದ ಬರುತ್ತಿದ್ದ ಸುಮಾರು 75 ವೋಲ್ಟ್, 25 ಹರ್ಟ್ಸ್ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು. ಬ್ಯಾಟರಿಯ ಡಿ.ಸಿ. ಒಂದೇ ದಿಕ್ಕಿನದು, ಅದಕ್ಕೆ ಗಂಟೆಯ ಸುತ್ತಿಗೆ ಒಂದು ಕಡೆ ವಾಲಿ ಅಲ್ಲೇ ಕೂತುಬಿಡುತ್ತದೆ. ಹಾಗೆಂದು 230 ವೋಲ್ಟ್ ಮೇನ್ಸ್ ಮಾತ್ರ ಎಂದೂ ಕೊಡಬೇಡಿ. ಆ ಫೋನು ನಟರ ಕೈಗೇ ಬರುವಂಥದ್ದು, ಜೀವಕ್ಕೆ ಅಪಾಯ.

6 ವೋಲ್ಟಿನ ಡಿ.ಸಿ. ಬೆಲ್ಲು, 1.5 ವೋಲ್ಟಿನ ನಾಲ್ಕು ದೊಡ್ಡ ಸೆಲ್ಲು, ಒಂದು ಪುಶ್ ಸ್ವಿಚ್ ಸಾಕು. ಬೆಲ್ಲನ್ನು ಫೋನಿರುವ ಮೇಜಿನ ಹಲಗೆಯ ಅಡಿಗೇ ಸ್ಕ್ರೂ ಹಾಕಿ ಬಿಗಿಯಿರಿ. ಸದ್ದು ಅಲ್ಲಿಂದಲೇ ಬರಬೇಕು. ಸ್ವಿಚ್ಚು ಸೈಡ್‌ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿರಲಿ. ವೈರು ತೀರಾ ತೆಳುವಾದರೆ ಬೆಲ್ಲು ಕ್ಷೀಣವಾಗುತ್ತದೆ, 1 ಚದರ ಮಿ.ಮೀ.ನದು ತನ್ನಿ.

ಮುಖ್ಯ ಕೆಲಸ ರಿಸೀವರ್ ಕೂರುವ ಗುಂಡಿಯ ಕೆಳಗಿದೆ. ಅಲ್ಲಿರುವ ತೆಳು ಲೋಹದ ಪತ್ತಿಗಳಲ್ಲಿ ರಿಸೀವರ್ ಇಟ್ಟಾಗ ಕೂಡಿಕೊಂಡು, ಎತ್ತಿದಾಗ ಬಿಡುವ ಜೋಡಿಯನ್ನು ಸೆಲ್ಲಿಗೆ ಜೋಡಿಸಿದ ಟೆಸ್ಟರ್ ಬಲ್ಬಿನಿಂದ ಹುಡುಕಿ, ಹಳೆಯ ವೈರು ಬಿಚ್ಚಿ, ಬೆಲ್ಲಿನ ಒಂದು ವೈರನ್ನು ಅದರ ಮೂಲಕ ಹಾಯಿಸಿ. ಸ್ವಿಚ್ಚು ಒತ್ತಿಯೇ ಇದ್ದರೂ ಎತ್ತಿದ ತಕ್ಷಣ ಸದ್ದು ನಿಲ್ಲುತ್ತದೆ. ಪತ್ತಿ ಕಿಲುಬು ಹಿಡಿದಿದ್ದರೆ ನುಣುಪು ಉಪ್ಪುಕಾಗದದಿಂದ ಉಜ್ಜಿ.

ಒತ್ತುವ ಲಯ: ಎರಡು ಚಿಕ್ಕ ಒತ್ತು, ಎರಡು ಸೆಕೆಂಡ್ ಬಿಡುವು.